ಕಿವಿ ಕಾಣಲಿ

ಹನ್ನೊಂದು ವರ್ಷ ನಾನು ಆಡಿದ್ದು ಮೂರೇ ಮಾತು:
ಗದ್ದ ಇಳಿಸಿ. ಕಿವಿ ಕಾಣಲಿ. ನಗಬೇಡಿ.
ಸಂತೆಪೇಟೆಯ ಎಂಟಡಿ ಅಂಗಡಿಯಲ್ಲಿ
ಹಾಲ್ ಟಿಕೆಟ್ಟಿಗೆ, ಲೈಸೆನ್ಸಿಗೆ, ಬ್ಯಾಂಕ್ ಪಾಸ್‌ಬುಕ್ಕಿಗೆ
ಹಾಸನದ ಅರ್ಧ ಊರನ್ನು ನೀಲಿ ಪರದೆಯ ಮುಂದೆ ಕೂರಿಸಿ
ಒಂದೇ ಮುಖ ಮಾಡಿ ಕಳಿಸಿದವನು.

ಸಾಲಗಾಮೆ ರಸ್ತೆಯಲ್ಲಿ ಬುಟೀಕ್ ತೆರೆದ ಫರ್ಜಾನಾ ಮೇಡಂ
"ಫ್ಯಾಶನ್ ಫೋಟೋ ತೆಗೀತೀರಾ?" ಅಂದಾಗ
ಹ್ಞೂಂ ಅಂದುಬಿಟ್ಟೆ.
ಬಾಯಿ ನನ್ನದು, ಧೈರ್ಯ ಯಾರದೋ.

ಲೆನ್ಸು ಬಾಡಿಗೆಯದು, ದಿನಕ್ಕೆ ಆರುನೂರು.
ಬೆಳಕು ಚೆಲ್ಲಲು ಛತ್ರದಿಂದ ಎತ್ತಿ ತಂದ ಥರ್ಮಕೋಲು,
ಅದರ ಬೆನ್ನಲ್ಲಿನ್ನೂ ಯಾರದೋ ಚಿ। ಸೌ। ಮಿನುಗುತ್ತಿದೆ.
ಮಾಡೆಲ್ಲು ಜಲಜಾಕ್ಷಿ. ವಾರಕ್ಕಾರು ದಿನ ಗಾರ್ಮೆಂಟ್ಸಿನಲ್ಲಿ
ಶರಟಿಗೆ ಕಾಲರ್ ಕೂರಿಸುವವಳು;
ಭಾನುವಾರ, ಅರಕಲಗೂಡಿನ ಮೊದಲ ಬಸ್ಸಿಗೆ ಬಂದಿದ್ದಾಳೆ.

ಜಾಗ, ತಾರಸಿ. ನೀರಿನ ಟ್ಯಾಂಕಿನ ಪಕ್ಕ.
"ಬೇಲೂರಿಗೆ ಹೋಗಬಹುದಿತ್ತಲ್ಲಣ್ಣ?"
ಥರ್ಮಕೋಲು ಹಿಡಿದ ಲೋಹಿತ ಕೇಳಿದ.
ಅಲ್ಲಿ ಕಲ್ಲಿನವರೇ ಅಷ್ಟು ಚೆನ್ನಾಗಿ ನಿಂತಿರುವಾಗ
ನಮ್ಮವರನ್ನು ಯಾರು ನೋಡುತ್ತಾರೆ ಅಂದೆ.
ನಿಜವೆಂದರೆ ಕಾರಿಗೆ ದುಡ್ಡಿರಲಿಲ್ಲ.

ಕ್ಯಾಮೆರಾ ಎತ್ತಿದೆ. ಅವಳು ನಿಂತಳು.
ನನ್ನ ಬಾಯಿಂದ ಬಂದದ್ದು,
"ಗದ್ದ ಇಳಿಸಿ. ಕಿವಿ ಕಾಣಲಿ."
ಲೋಹಿತ ಕಿಸಕ್ಕನೆ ನಕ್ಕ, ಥರ್ಮಕೋಲು ನಡುಗಿ
ಬೆಳಕು ಅವಳ ಕತ್ತಿನ ಮೇಲೆ ತುಳುಕಿತು.

ನಲವತ್ತು ಫೋಟೋ. ನಲವತ್ತೂ ಆಧಾರ್ ಕಾರ್ಡು,
ಬಟ್ಟೆ ಮಾತ್ರ ದುಬಾರಿ.

ಆಮೇಲೆ ಅವಳು ನನ್ನನ್ನು ಮರೆತಳು.
ತೋಳಿನ ಹೊಲಿಗೆ ತಿರುವಿ, ಬಿಸಿಲಿಗೆ ಹಿಡಿದು,
ಒಂದು ಕಣ್ಣು ಕಿರಿದು ಮಾಡಿ
"ಇಲ್ಲಿ ನೂಲು ಬಿಟ್ಟಿದೆ. ನಮ್ಮ ಲೈನಲ್ಲಾಗಿದ್ರೆ
ಮುಖಕ್ಕೆ ಎಸೀತಿದ್ರು" ಅಂದು
ಸೂಪರ್‌ವೈಸರ್ ಬೆನ್ನ ಹಿಂದೆ ನಗುವ ನಗೆಯೊಂದನ್ನು ನಕ್ಕಳು.

ಒತ್ತಿದೆ.
ಕಿವಿ ಕಾಣುತ್ತಿರಲಿಲ್ಲ.

ರಾತ್ರಿ ಫರ್ಜಾನಾ ಮೇಡಂ ಫೋನು:
ಫೋಟೋ ಸೂಪರ್, ಆ ನೂಲೊಂದು ತೆಗೆದುಬಿಡಿ.
ತೆಗೆದೆ. ತೆಗೆದದ್ದೇ ತಡ
ಅವಳ ಕಣ್ಣಿಗೆ ನೋಡಲು ಏನೂ ಉಳಿಯದೆ
ಸುಮ್ಮನೆ ಚೆಂದ ಕಾಣಿಸಿದಳು,
ಕ್ಯಾಲೆಂಡರಿನಲ್ಲಿ ಸಿಗುವಷ್ಟು ಚೆಂದ.

ನೂಲನ್ನು ವಾಪಸ್ ತಂದೆ.
ಮೇಡಂಗೆ ಏನು ಹೇಳುವುದೋ
ನಾಳೆ ನೋಡೋಣ.
ಜಲಜಾಕ್ಷಿಯ ಪಿಎಫ್ ಅರ್ಜಿಗೆ ಪಾಸ್‌ಪೋರ್ಟ್ ಸೈಜು,
ಎಂಟು ಕಾಪಿ, ಮೊದಲು ಕತ್ತರಿಸಬೇಕು.