ಬಂದರು ಎಂಟು ಸಾವಿರ

ಜನವರಿ. ಹಗಲೆಂದರೆ ಇಲ್ಲಿ
ಮಧ್ಯಾಹ್ನದ ಆಚೀಚೆ ಒಂದಿಷ್ಟು ಬೂದು.
ಐಸ್‌ಲ್ಯಾಂಡಿನ ಉತ್ತರದ ಕಣಿವೆಯಲ್ಲಿ ಹಲ್‌ಬೇರಾ,
ಐವತ್ತೇಳು ತುಂಬಿದವಳು,
ಒಂದು ಸಾಲು ಆಜ್ಞೆ ಬರೆದು ಎಂಟರ್ ಒತ್ತಿದಳು.

ಏಳು ಫೋಲ್ಡರು, ಮೂವತ್ತೊಂದು ಕಡತ
ಕರೆಯದ ನೆಂಟರ ಹಾಗೆ ಸಾಲಾಗಿ ಬಂದು ಕೂತವು.
ಇವರೆಲ್ಲ ಯಾರೋ?
ಫೋನಿನಾಚೆ ತಂಗಿಯ ಮಗ ಕೇತಿಲ್:
ಚೌಕಟ್ಟು, ದೊಡ್ಡಮ್ಮ. ಅರ್ಧಕ್ಕರ್ಧ ಮುಟ್ಟಬೇಡ.

ಮುಟ್ಟಬೇಡ ಅಂದದ್ದನ್ನೇ ಮೊದಲು ತೆರೆದಳು.

ಬೇಕಾದದ್ದು ಇಷ್ಟೇ:
ಕಣಿವೆಯ ಕುರಿಗಳ ಕಿವಿಗುರುತಿನ ಪುಸ್ತಕ ಅವಳ ವಶದಲ್ಲಿದೆ.
ಬಲಗಿವಿ ಮೊಂಡು, ಎಡಗಿವಿಯ ಹಿಂದೆ ಎರಡು ಕಚ್ಚು,
ಅಂದರೆ ಇಂಥ ಮನೆಯದು.
ಸೆಪ್ಟೆಂಬರಿನಲ್ಲಿ ಮಂದೆ ಬೆಟ್ಟ ಇಳಿದಾಗ
ಮಳೆಗೆ ಉಬ್ಬಿದ ಹಾಳೆ ತಿರುವುತ್ತಾ ನಿಲ್ಲುವ ಬದಲು
ಯಾರಾದರೂ ಫೋನಿನಲ್ಲಿ ಗುರುತು ಬರೆದರೆ
ಮನೆಯ ಹೆಸರು ಬರಬೇಕು.

ಓಡುತ್ತಿದೆ, ಅಂದಿತು ಯಂತ್ರ. ಬಂದರು ಎಂಟು ಸಾವಿರ.
ಓಡುತ್ತಿದೆಯಂತೆ, ಕೂತಲ್ಲೇ!
ಬಂದರಂತೆ! ಯಾರು ಬಂದರು?
ಯಾರೂ ಬಂದಿರಲಿಲ್ಲ.
ಅವಳು ಕಂಡ ಬಂದರಿನಲ್ಲಿ ಕಾಡ್ ಮೀನು ನಾರುತ್ತದೆ,
ಹಗ್ಗಕ್ಕೆ ಮಂಜುಗಡ್ಡೆ ಹಿಡಿದಿರುತ್ತದೆ,
ಇಲ್ಲಿ ಒಂದು ಅಂಕಿ ಮಿಟುಕುತ್ತಿದೆ, ಅಷ್ಟೇ.
ತನ್ನ ಮನೆಯ ಬಾಗಿಲನ್ನು ತಾನೇ ಹೊರಗೆ ನಿಂತು ತಟ್ಟಿ
ತಾನೇ ಒಳಗಿನಿಂದ ಯಾರು ಅಂದಳು.
ನಮಸ್ಕಾರ, ಅಂದಿತು ಪುಟ.
ಕಾಫಿ ಆರಿಹೋಗಿತ್ತು.

ದಾರಿಗಳ ಪಾಠಕ್ಕೆ ಕೇತಿಲ್ ಹೋಟೆಲು ತಂದ:
ಮಾಣಿ, ಚೀಟಿ, ಅಡುಗೆಮನೆ. ತಲೆಗೆ ಹತ್ತಲಿಲ್ಲ.
ವಿದ್ಯುತ್ ಬಿಲ್ಲಿನ ಬೆನ್ನಿಗೆ ಅವಳು ಒಂದು ಗುಂಡು ಬರೆದಳು,
ಸುತ್ತ ಹೂವಿನ ಎಸಳಿನ ಹಾಗೆ ಇಪ್ಪತ್ತೆರಡು ಖಾನೆ,
ಒಂದೊಂದಕ್ಕೂ ಗೇಟು.
ನಡುವಿಗೆ ಬಂದ ಕುರಿಯ ಕಿವಿ ಸವರಿ
ಇದು ಆ ಗೇಟು, ಅದು ಈ ಗೇಟು.
ಇಷ್ಟೇನಾ?
ಅಜ್ಜನ ಕಾಲದ ಕಲ್ಲಿನ ದೊಡ್ಡಿ!
ಇಷ್ಟೇ, ಅಂದ ಕೇತಿಲ್, ಸ್ವಲ್ಪ ಬೇಸರದಲ್ಲಿ.

ಎಲ್ಲ ಇಷ್ಟೇ ಆಗಿರಲಿಲ್ಲ.
ವಲಸೆ ಅನ್ನುವ ಆಜ್ಞೆ ಕೊಡದೆ ಕೋಷ್ಟಕ ಹುಟ್ಟುವುದಿಲ್ಲ.
ಕೊಟ್ಟಳು. ಕೆಂಪು. ಮತ್ತೆ ಕೊಟ್ಟಳು. ಕೆಂಪು.
ಧ್ರುವದಿಂದ ಧ್ರುವಕ್ಕೆ ವಲಸೆ ಹಾರುವ ಹಕ್ಕಿಗೂ
ಇಷ್ಟು ಪರದಾಟವಿಲ್ಲ ಅಂತ ಬೈದಳು.
ನಾಲ್ಕನೆಯ ರಾತ್ರಿ ಸಿಕ್ಕಿತು:
ಹನ್ನೊಂದನೆಯ ಸಾಲಿನಲ್ಲಿ ಒಂದು ಅಲ್ಪವಿರಾಮ,
ನಾಪತ್ತೆ.
ಇಡೀ ಮಂದೆ ತಪ್ಪಿಸಿಕೊಳ್ಳಲು
ಬೇಲಿಗೆ ಒಂದೇ ಕಿಂಡಿ ಸಾಕು.

ಫೆಬ್ರವರಿಯೆಲ್ಲ ಗುರುತು ತುಂಬಿದಳು.
ಎಂಟುನೂರ ನಲವತ್ತು.
ಯಾರೂ ಇರದ ಮನೆಗಳದ್ದೂ.
ಸಿಗದಿದ್ದರೆ ಏನು ಹೇಳಬೇಕು ಎಂದು ಚೌಕಟ್ಟು ಕೇಳಿತು.
ಅದೇ ಕೊಟ್ಟ ಮಾತು ಅಳಿಸಿ ಬರೆದಳು:
ಇಲ್ಲಿಲ್ಲ. ಹಲ್‌ಬೇರಾಳನ್ನು ಕರೆಯಿರಿ.

ಸೆಪ್ಟೆಂಬರ್. ಮಂಜು ಬೆರೆತ ಜಿನುಗು.
ಜೀಪಿನಲ್ಲಿ ಮಡಿಲ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತಿದ್ದಾಳೆ.
ದೊಡ್ಡಿಯಲ್ಲಿ ಬ್ರಾಂದುರ್ ಹಲ್ಲಿನಿಂದ ಕೈಚೀಲ ಎಳೆದು,
ಮೊಣಕಾಲ ನಡುವೆ ಕುರಿ ಅವುಚಿಕೊಂಡು, ಒಂದೇ ಬೆರಳಲ್ಲಿ ಬರೆದ.
ಕಪ್ಪು ಪರದೆಗೆ ಒಂದು ಸಾಲು ಬಿತ್ತು: ಕೇಳಿದ ಗುರುತು,
ಪಕ್ಕದಲ್ಲಿ ಇನ್ನೂರು.
ಅದೇ ಗಳಿಗೆಗೆ ಆಚೆ
ಒಂದು ಗೇಟು ಧಡಾರನೆ ಬಡಿಯಿತು.

ಬಂದರು!
ಸಾಲಿನ ಮೇಲೆ ಸಾಲು. ಗೇಟಿನ ಮೇಲೆ ಗೇಟು.

ಮೂರು ಗಂಟೆಗೆ ನಾನೂರ ನಾಲ್ಕು.
ಮತ್ತೆ ಅದೇ ಗುರುತು, ಮತ್ತೆ ನಾನೂರ ನಾಲ್ಕು.
ಬ್ರಾಂದುರ್ ತಲೆಯೆತ್ತಿ ಜೀಪಿನತ್ತ ನೋಡಿದ.
ಇಳಿದು ಹೋದಳು. ಕಂದು ಮರಿ.
ಒದ್ದೆ ಕಿವಿಯ ಅಂಚಿನಲ್ಲಿ ಹೆಬ್ಬೆರಳು ಆಡಿಸಿ, ಕಣ್ಣು ಮುಚ್ಚಿ,
ಇದು ಕತ್ತರಿಸಿದ್ದಲ್ಲ ಅಂದಳು,
ನಾಯಿ ಹಿಡಿದದ್ದು. ಕೆಳಗಿನ ಗೀರು ಮಾತ್ರ ಚೂರಿಯದು.
ನಿನ್ನದೇ ಮರಿ, ಮಾರಾಯ.

ಅವನು ನಕ್ಕನೋ, ಸೀನಿದನೋ.

ಜೀಪಿಗೆ ಮರಳಿ ಪುಸ್ತಕದ ಕೊನೆಯ ಹಾಳೆಗೆ
ಪೆನ್ಸಿಲಿನಲ್ಲಿ ಬರೆದಳು: ಹರಿದ ಕಿವಿ,
ಯಾವ ಕಾಲಮ್ಮು?
ಬ್ಯಾಟರಿ ಹನ್ನೆರಡು ಪ್ರತಿಶತ.
ಕೆಳಗೆ ಇನ್ನೂ ಇನ್ನೂರು ಕುರಿ, ಬೆನ್ನಿನಿಂದ ಹಬೆಯೇಳುತ್ತಾ,
ಒಂದರ ಮೇಲೊಂದು ಒರಗಿ ನಿಂತಿದ್ದವು.