ಕೆಟ್ಟಾದೇನ್ರಿ

ನಸುಕಿನ್ಯಾಗ ಲಾಡ್ಲೇಸಾಬ ತನ್ನ ಛೋಟಾ ಹಾತಿ
ನಮ್ಮ ಗಲ್ಲ್ಯಾಗ ಹಿಂದ್ ಹಿಂದ ತಂದು ನಿಲ್ಲಿಸ್ದ.
ಹಲಗಿ ಇಟ್ಟು ಇಬ್ಬರೂ ಕೂಡಿ ದೂಡಿದಿವಿ.
ಹ್ಯಾಂಡಲ್ಲಿಗಿ ಎರಡು ಪಟ್ಟಿ, ಹಿಂದ ಎರಡು ಹಗ್ಗ,
ಜಗ್ಗಿದಂಗೆಲ್ಲ ಮುಂದಿನ ಶಾಕಪ್ ಕುಸಿದು
ಗಾಡಿ ಮೊಣಕಾಲೂರಿ ಕುಂತಂಗಾಯ್ತು.
"ಸಾಕ್ ಮೇಡಂ, ಇನ್ನ ಬಿಗಿದ್ರ ಸೀಲ್ ಒಡೀತದ."
ಕಟ್ಟೂದು ಅವಗ ಗೊತ್ತು: ತೊಗರಿ ಚೀಲ, ಫ್ರಿಜ್ಜು,
ಒಮ್ಮೆ ಮದಿವಿ ಬ್ಯಾಂಡಿನ ಇಡೀ ಸಾಮಾನು.

ಹನ್ನೊಂದು ವರ್ಷ ನಕ್ಕಾಕಿ ನಾನೇ.
"ದಾರಿ ತುಳೀಲಾರದಂವ ಅಡವಿ ಏನು ತುಳೀತಾನ?"
ಹೈದರಾಬಾದಿನ ಟ್ರೇಲರಿನವರ ಮಾರಿ ಮ್ಯಾಲೇ ಅಂದೀನಿ.
ಚಿಂಚೋಳಿಗಿ ಎಂಬತ್ತು ಚಿಲ್ರೆ ಕಿಲೋಮೀಟರ್,
ಗುಬಟಿ ಟೈರಿನ ಗುಂಯ್‌ಗುಂಯ್, ಹಲಗಿಯಂಥ ಸೀಟು,
ಅರವತ್ತು ದಾಟಿದ್ರ ಹಲ್ಲು ಕಟಕಟ.
ಪ್ರತಿ ಸಲ ಡಾಂಬರು ಟೈರಿನ ಹಲ್ಲು ತಿಂದು ತಿಂದು
ಅಡವಿ ಬರೂದ್ರಾಗ ಅದು ಬೊಚ್ಚಬಾಯಿ.
ಮರ್ಯಾದಿ ಅಂದ್ರ ಅದೇ ಅನ್ಕೊಂಡಿದ್ದೆ.

ಹೋದ ತಿಂಗಳ ಡಾಕ್ಟರು ಸೊಂಟದ ಫೋಟೋ ಬೆಳಕಿಗಿ ಹಿಡಿದು
ನಾಕನೇ ಐದನೇ ಮಣಿ ನಡುವಿನ ಸಂದು ತೋರಿಸಿದ:
"ನಿಂತು ಗುಡ್ಡ ಏರ್ರಿ ಬೇಕಾದ್ರ.
ತಾಸುಗಟ್ಲೆ ಕುಂತು ಕುಲುಕಾಡಬ್ಯಾಡ್ರಿ."

ಹಿಂದಿನ ಕಿಟಕ್ಯಾಗ ಗಾಡಿ ಮಾರಿ.
ನನ್ನ ಹೆಗಲ ಮ್ಯಾಲಿಂದ ರಸ್ತೆ ನೋಡಕತ್ತಾದ,
ಹಂಪ್ ಬಂದಾಗೊಮ್ಮೆ ತಲಿ ಹಾಕ್ತದ, ಹೂಂ ಹೂಂ ಅಂತ.
ಮಹಾಗಾಂವ್ ಕ್ರಾಸಿನ್ಯಾಗ ಮಿರ್ಚಿ ಕರಿಯೂ ಹುಡುಗ
ಝಾರಾ ಹಿಡಕೊಂಡೇ ಕೇಳ್ದ: "ಕೆಟ್ಟಾದೇನ್ರಿ?"
"ಇಲ್ಲ."
"ಮತ್ತ?"
ಆ ಮತ್ತಕ್ಕ ಉತ್ತರ ಹುಡುಕೂದ್ರಾಗ ಚಾ ಆರ್ತು.
"ಗಾಡಿಗಿ ಇವತ್ತ ರಜಾ," ಅಂದ ಲಾಡ್ಲೇಸಾಬ.

ಅಲ್ಲಿಂದ ಮುಂದ, ಇಷ್ಟು ವರ್ಷ ಕಾಣದ್ದು ಕಂಡ್ವು:
ಹಾಸಗಲ್ಲು ನಿಲ್ಲಿಸಿ ಕಟ್ಟಿದ ಹಿತ್ತಲು, ತೊಗರಿ ಹೂವಿನ ಹಳದಿ,
ಒಂದೂರಿನ ಬೋರ್ಡಿನ್ಯಾಗ ಅಕ್ಷರ ತಪ್ಪು.
ಗಾಳಿ ಒಂದೇ ಇರ್ಲಿಲ್ಲ.

ಚಂದ್ರಂಪಳ್ಳಿ ಕೆರಿ ಏರಿ ಮ್ಯಾಲ ಹನ್ನೆರಡು ಗಾಡಿ,
ಎಲ್ಲಾ ಧೂಳ, ನಂದೊಂದೇ ತೊಳದಿಟ್ಟ ತಾಟಿನಂಗ.
ಯಾರೂ ಏನೂ ಅನ್ಲಿಲ್ಲ, ಅದೇ ಚುಚ್ಚಿತು.
ಬೀದರಿನಿಂದ ಹೊಡಕೊಂಡೇ ಬಂದ ಸ್ಯಾಮ್ಸನ್
ತನ್ನ ಚಕ್ರದಾಗಿನ ಎರಿ ಮಣ್ಣಿನ ಹೆಂಟಿ ಕಿತ್ತು
ನನ್ನ ಮಡ್‌ಗಾರ್ಡಿಗಿ ಮೆತ್ತಿದ:
"ತಗೋ ಅಕ್ಕಾ, ಈಗ ನೀನೂ ಬಂದಂಗಾಯ್ತು."

ಒಳಗ ಕೆಂಪು ಮಣ್ಣು, ತೇಗಿನ ಎಲಿ, ಹಳ್ಳದ ಗುಂಡು.
ನಿಂತೇ ಹೊಡದೆ. ಸೊಂಟ ಉಸುರೆತ್ತಲಿಲ್ಲ.
ಟೈರಿನ ಹಲ್ಲು ಪೂರಾ ಇದ್ದವು,
ಕಚ್ಚಿದ್ದು ಬಿಡಲಿಲ್ಲ.
ಮೂರನೇ ಹಳ್ಳದಾಗ ಸ್ಯಾಮ್ಸನ್ನಿನ ಹಿಂದಿನ ಚಕ್ರ ಜಾರಿ
ಇಂಜಿನ್ನಿನ ಹೊಟ್ಟಿ ಕಲ್ಲಿಗಿ ಬಡೀತು.
ಕಪ್ಪನ ಎಣ್ಣಿ ಕಲ್ಲಿನ ಮ್ಯಾಲ ನಿಧಾನ ಇಳೀತಿತ್ತು,
ಹನ್ನೊಂದು ಮಂದಿ ನಿಂತು ನೋಡಿದಿವಿ.

ಛೋಟಾ ಹಾತ್ಯಾಗ ಜಾಗಾ ಒಂದೇ.
"ಅವಂದು ಏರಸು," ಅಂದೆ.
ಲಾಡ್ಲೇಸಾಬ ನನ್ನ ಸೊಂಟ ನೋಡ್ದ, ಹಗ್ಗ ನೋಡ್ದ,
ಕಟ್ಟೂಕ ಹತ್ತಿದ.

ಸಂಜಿ ಗಾಳಿ ಹೆಲ್ಮೆಟ್ಟಿನ ಸಂದ್ಯಾಗ ಬಂತು,
ಕಸದ ಹೊಗಿ, ಎಮ್ಮಿ ಮೈ, ಯಾರದೋ ಮನಿ ಒಗ್ಗರಣಿ.
ಮುಂದ ಸ್ಯಾಮ್ಸನ್ನಿನ ಗಾಡಿ ನನಗ ಬೆನ್ನು ತೋರಿಸಕೋತ,
ಹಂಪಿನ್ಯಾಗ ತಲಿ ಹಾಕಕೋತ ಹೊಂಟಿತ್ತು.
ಗುಂಯ್‌ಗುಂಯ್. ಒಂದು ಹಲ್ಲು ಹೋಗಿರಬೇಕು. ಇನ್ನೊಂದು.
ನಾಕನೇ ಮಣಿ ಐದನೇ ಮಣಿಗಿ ಏನೋ ಬೈಯೂದು ಕೇಳ್ತು.

ಕ್ರಾಸಿನ್ಯಾಗ ಅದೇ ಹುಡುಗ, ಅದೇ ಝಾರಾ.
"ರಿಪೇರಿ ಆಯ್ತೇನ್ರಿ?"
ಗಾಡಿಂದ ಇಳೀಲಿಕ್ಕೆ ಎರಡು ಸಲ ಕಾಲೆತ್ತಿದೆ.
"ಆಯ್ತು," ಅಂದೆ.
"ಕುಂದರ್ರಿ."
"ಬ್ಯಾಡಪಾ," ಅಂತ ಮಿರ್ಚಿ ನಿಂತೇ ತಿಂದೆ,
ಕಲಬುರಗಿ ಇನ್ನ ಇಷ್ಟು ದೂರ ಅಂತ ಬರದ ಕಲ್ಲಿಗಿ
ಒಂದು ಕೈ ಆನಿಸಿ.