ಎರಡು ಮುಚ್ಚಳ

ಕರೆಂಟು ಹೋದರೆ ಕೌಲ್‌ಬಜಾರಿನ ನಮ್ಮ ಶೆಡ್ಡಿನಲ್ಲಿ
ಹದಿನಾಲ್ಕು ಮಷಿನ್ನು ಒಟ್ಟಿಗೇ ಉಸಿರು ಬಿಡುತ್ತವೆ.
ಅರ್ಧ ಹೊಲಿದ ಜೀನ್ಸಿನ ಕಾಲು ತೊಡೆಯ ಮೇಲೆ ಹಾಗೇ.
ಆಗ ಎರ್ರೆಮ್ಮ ಡಬ್ಬಿಯ ಎರಡು ಮುಚ್ಚಳ ತಂದಿಟ್ಟು
"ಹ್ಞಾ, ಎಲ್ಲಿಗೆ ಬಂದಿತ್ತು ಹೆಣ?" ಅಂತಾಳೆ.

ಹೆಣ ಅಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ.
ಏಳು ಮೆಟ್ಟಿಲಿನ ಉಪ್ಪಿನರಮನೆಯಲ್ಲಿ
ರಾಜನಿಗೆ ಗಾಳಿ ತೂಗಿಕೊಡುತ್ತಿದ್ದ ಹೆಂಗಸು,
ತಕ್ಕಡಿಯ ಪಕ್ಕ ಬೋರಲು.
ಒಂದು ತಟ್ಟೆಯಲ್ಲಿ ಮೂಡಣ ಗಾಳಿ ಇನ್ನೂ ಮಿಸುಕುತ್ತಿದೆ,
ಇನ್ನೊಂದು ಬರಿದು.

ಆಟ ನನ್ನದು. ಹಳೇ ಬಿಲ್ ಪುಸ್ತಕದ ಹಿಂಬದಿಗೆ ಬರೆದದ್ದು:
ಪುಟ ಹನ್ನೊಂದಕ್ಕೆ ಹೋಗು, ಮೂವತ್ತಕ್ಕೆ ಹೋಗು,
ಇಲ್ಲಿಗೆ ಬಂದರೆ ನೀನೂ ಸತ್ತೆ.
ಮೂವರು ಕೊಲೆಗಾರರನ್ನು ಸಾಕಿಕೊಂಡಿದ್ದೇನೆ,
ಯಾರು ನಿಜ ಎಂಬುದು ಇವರು ಹಿಡಿದ ದಾರಿಗೆ ಬಿಟ್ಟದ್ದು.
ಬಾಗಿಲು ತೆರೆಯೋದಾದರೆ ಬಲ ಮುಚ್ಚಳಕ್ಕೆ ಗುಂಡಿ,
ಬೇಡವಾದರೆ ಎಡಕ್ಕೆ. ತಾಮ್ರದ ಗುಂಡಿ. ಬಿದ್ದಾಗ ಟಿಣ್.
ಆಮೇಲೆ ಎಣಿಸಿ ವಾಪಸು; ಸಾವ್ಕಾರನ ಲೆಕ್ಕ ಅದು.

ಗಾದಿಲಿಂಗನಿಗೆ ಎಲ್ಲ ಬಾಗಿಲೂ ತೆರೆಯಬೇಕು.
ಹೋದ ಸಲ ನೆಲಮಾಳಿಗೆಯ ಹೊಗೆಹುಲಿ ಅವನನ್ನು ತಿಂದಿತ್ತು.
"ತಿನ್ನಲಿ ಬಿಡಕ್ಕ, ಒಳಗೇನೈತಿ ನೋಡಿದ್ನಲ್ಲ."
ಎರ್ರೆಮ್ಮನ ಕಣ್ಣು ಮೊದಲ ದಿನದಿಂದ ರಾಣಿಯ ಮೇಲೆ:
"ನಕ್ಕೋಂತ ಮಾತಾಡ್ತಾಳ. ಅಕಿನೇ."
ಸಾಕ್ಷಿಗೆ ಕಂಬದ ಮೇಲೊಂದು ಹಲ್ಲಿ ಇದೆ,
ನಿಜ ನುಡಿದರೆ ಮಾತ್ರ ಲೊಚಗುಟ್ಟುತ್ತದೆ.
ತಿಪ್ಪೇರುದ್ರ ಅದಕ್ಕೂ ಲಂಚ ಕೊಡಲು ಹೋಗಿ
ಬಾಲವೊಂದೇ ಕೈಗೆ ಬಂತು.

ಹೊನ್ನೂರಬಿ ಹೊಸಬಳು. ವಾಷಿಂಗ್ ಯೂನಿಟ್ಟಿನಿಂದ ಬಂದವಳು,
ಮೊಣಕೈತನಕ ನೀಲಿ, ಉಗುರಂತೂ ಇರುಳೇ.
ಒಂಬತ್ತು ದಿನ ಗುಂಡಿಯನ್ನು ಮುಷ್ಟಿಯಲ್ಲೇ ಇಟ್ಟುಕೊಂಡು
ಯಾವ ಮುಚ್ಚಳಕ್ಕೂ ಹಾಕಿರಲಿಲ್ಲ.
ಇವತ್ತು ಕೇಳಿದಳು:
"ಆಕಿ ಹೆಸ್ರೇನು?"

ಯಾರದು?

"ಸತ್ತಾಕಿದು."

ಶೆಡ್ಡಿನ ತಗಡು ಬಿಸಿಲಿಗೆ ಒಮ್ಮೆ ಟಕ್ ಎಂದಿತು.
ಪುಟ ತಿರುವಿದೆ. ರಾಣಿಗೆ ಹೆಸರಿತ್ತು,
ಹೊಗೆಹುಲಿಗೆ ಇತ್ತು, ಬಾಲ ಹೋದ ಹಲ್ಲಿಗೂ.
ವಿಷದ ಬಟ್ಟಲಿಗೆ ಎರಡು ಸಾಲು ವರ್ಣನೆ.
ಇವಳು ಬರೀ ಹೆಣ. ಮೊದಲ ಪುಟದಲ್ಲೇ ಬಿದ್ದವಳು,
ಬೀಳಲೆಂದೇ ನಾನು ಮಾಡಿಕೊಂಡವಳು.

"ಹೆಸ್ರು ಬ್ಯಾಡ ಬಿಡು," ಅಂದಳು, "ಅವತ್ತು ಮುಂಜಾನೆ
ಊಟಕ್ಕೇನು ಕಟ್ಕೊಂಡು ಬಂದಿದ್ಲು, ಅದನ್ನಾರ ಹೇಳು.
ಡಬ್ಬಿ ಇರ್ತೈತಲ್ಲ. ಯಾರೂ ತೆಗೆದು ನೋಡಿಲ್ಲ."

ಕೊಲೆಗಾರನನ್ನು ಬಿಟ್ಟು ಎಲ್ಲರೂ ಡಬ್ಬಿಗೆ ಬಿದ್ದರು.
ಜೋಳದ ರೊಟ್ಟಿ ಅಂದ ತಿಪ್ಪೇರುದ್ರ. ಗುರೆಳ್ಳು ಪುಡಿ, ಎರ್ರೆಮ್ಮ.
ಗಾದಿಲಿಂಗ, ಎಂದೂ ಕಾಯದವನು, ಸ್ವಲ್ಪ ಕಾದು:
"ಉಪ್ಪಿನರಮನ್ಯಾಗ ದುಡಿಯಾಕಿ, ಪಲ್ಲೆ ಸಪ್ಪನ್ನೇ ಇರ್ತಿರಬೇಕು."
ಎಷ್ಟು ರೊಟ್ಟಿ? ಎಂದೆ, ಸುಮ್ಮನೆ.
"ನಾಕು," ಅಂದಳು ಹೊನ್ನೂರಬಿ. "ಇಬ್ಬರದು."

ಇಬ್ಬರದು! ಇನ್ನೊಬ್ಬರು ಯಾರು
ಎನ್ನುವಷ್ಟರಲ್ಲಿ ಕರೆಂಟು ಬಂತು.
ಹದಿನಾಲ್ಕು ಸೂಜಿ ಒಟ್ಟಿಗೇ ಕುಕ್ಕತೊಡಗಿದವು.
ಸಂಜೆ ಲೆಕ್ಕಕ್ಕೆ ಒಂದು ಗುಂಡಿ ಕಮ್ಮಿ ಬಿತ್ತು,
ಸಾವ್ಕಾರ ನನ್ನ ಹೆಸರಿಗೇ ಬರೆದುಕೊಂಡ.

ರಾತ್ರಿ ಪುಸ್ತಕದ ರಟ್ಟಿನ ಒಳಬದಿಗೆ
ಮೊದಲನೆಯದಕ್ಕಿಂತ ಮೊದಲಿನ ಪುಟ ಬರೆದೆ.
ಒಲೆಯ ಮುಂದೆ ಅವಳನ್ನು ಕೂರಿಸಿದೆ.
ರೊಟ್ಟಿ ಬಡಿಯುತ್ತಿದ್ದಾಳೆ, ಇನ್ನೂ ಈ ಕಡೆ ತಿರುಗಿಲ್ಲ.
ಕೆಳಗೆ ಎರಡು ದಾರಿ:
ಇವತ್ತು ಅರಮನೆಗೆ ಹೋಗು.
ಹೋಗಬೇಡ.

ಹೋಗಬೇಡ ಅಂದರೆ ಆಟವೇ ಇಲ್ಲ, ಗೊತ್ತು.
ಆದರೂ ಬರೆದಿದ್ದೇನೆ,
ಫ್ಯಾನಿನ ಗಾಳಿಗೆ ಹಾರದ ಹಾಗೆ ಮೇಲೊಂದು
ತಾಮ್ರದ ಗುಂಡಿ ಇಟ್ಟಿದ್ದೇನೆ.

ನಾಳೆಯೂ ಕರೆಂಟು ಹೋಗಲಿ.